ಅಟ್ಟಣಿಗೆಯಿಂದ ಇಳಿದ ದೊಡ್ಡಪ್ಪ

ದೊಡ್ಡಪ್ಪನಷ್ಟು ಅಲುಗಾಡದೆ ಕೂರುವವರನ್ನು ನಾನು ಕಂಡಿಲ್ಲ. ಮದುವೆ ಮನೆಯಿರಲಿ, ನಮ್ಮೂರು ಜಡೆಯಿಂದ ಸೊರಬಕ್ಕೆ ಹೋಗುವ ಬಸ್ಸಿರಲಿ, ಮೂಗಿನ ಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಗದ್ದೆಯಂಚಿನ ಮತ್ತಿ ಮರದ ಮೇಲೆ ಅಟ್ಟಣಿಗೆ ಕಟ್ಟಿ, ಕೋವಿ ಹಿಡಿದು ಪೈರು ಕಾಯುತ್ತ ಬಂದ ಅಭ್ಯಾಸ ಅದು. "ಉಸಿರು ಬಿಟ್ಟಿದ್ದೂ ಕೇಳಬಾರ್ದು ಕಣೇ, ಜಿಂಕೆ ಕಿವಿ ಅಂದ್ರೆ ಏನಂದ್ಕೊಂಡಿದೀಯ?" ಎನ್ನುತ್ತಿದ್ದರು.

ಲಿಂಗ ಕಟ್ಟಿದ ಮನೆ ನಮ್ಮದು; ಮೊಟ್ಟೆಯೂ ಒಳಗೆ ಬರುವುದಿಲ್ಲ. "ಗಾಳೀಲಿ ಒಂದು ಈಡು ಹಾರಿಸ್ತೀನಿ, ಓಡಿ ಹೋಗ್ತಾವೆ" ಎಂಬ ಅವರ ಮಾತನ್ನು ದೊಡ್ಡಮ್ಮ ನಂಬಿದ್ದರು. ಊರಿನ ಕೆಲವರ ಮನೆಗೆ ಮಾಂಸ ಹೋಗುತ್ತಿದ್ದುದು ಅವರಿಗೆ ಗೊತ್ತಿರಲಿಲ್ಲ.

ಒಂದು ಬೆಳಗ್ಗೆ ಬೀದಿ ನಲ್ಲಿಯ ಬಳಿ ನಾವು ನೀರು ಹಿಡಿಯುತ್ತಿದ್ದಾಗ ಗದ್ದೆಯ ಕಡೆ ಈಡಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ, ನಾಯಿಗಳು ಅಟ್ಟಿಸಿಕೊಂಡು ಬಂದ ಹೆಣ್ಣು ಜಿಂಕೆಯೊಂದು ಕೊಡಗಳನ್ನು ಉರುಳಿಸಿ ದೊಡ್ಡಮ್ಮನ ಕಾಲ ಬುಡದಲ್ಲೇ ಬಿತ್ತು. ಹೊಟ್ಟೆಯಿಂದ ರಕ್ತ ಹರಿಯುತ್ತಿತ್ತು. ದೊಡ್ಡಮ್ಮ ಸೆರಗನ್ನು ಗಾಯಕ್ಕೆ ಒತ್ತಿ ಹಿಡಿದು ಕೂತರು. ಜಾಡು ಹಿಡಿದು ಬಂದ ದೊಡ್ಡಪ್ಪ ಕೋವಿಯೊಂದಿಗೆ ಎಲ್ಲರ ಎದುರು ನಿಂತುಬಿಟ್ಟರು.

"ಗಾಳೀಲಿ ಹಾರಿಸ್ತೀನಿ ಅಂದಿದ್ರಲ್ಲ ರೀ," ಎಂದರು ದೊಡ್ಡಮ್ಮ, ತಲೆಯೆತ್ತದೆ.

ಪಕ್ಕದ ಮನೆಯವರೊಬ್ಬರು, "ಬೇಗ ಎತ್ತಿಸಿ ಗೌಡ್ರೇ, ನಾವ್ಯಾರೂ ಬಾಯಿ ಬಿಡಲ್ಲ" ಎಂದರು. ದೊಡ್ಡಪ್ಪ ಕೋವಿಯನ್ನು ನಲ್ಲಿಯ ಕಟ್ಟೆಯ ಮೇಲಿಟ್ಟು, ಪರಿಚಯದ ಫಾರೆಸ್ಟ್ ಗಾರ್ಡಿಗೆ ಫೋನ್ ಮಾಡಿದರು. "ನಾನೇ ಹೊಡೆದಿದ್ದು. ಬನ್ನಿ." ಜೀಪು ಬರುವಷ್ಟರಲ್ಲಿ ಜಿಂಕೆ ಸತ್ತಿತ್ತು.

ಜಾಮೀನಿನ ಮೇಲೆ ಬಂದ ಮೇಲೆ ಕೋರ್ಟಿಗೆ ಅಲೆದರು. ವಾಯಿದೆ ಮುಂದೆ ಹೋಗುತ್ತಲೇ ಇತ್ತು. ಬಸ್ಸಿನಲ್ಲಿ ಯಾರಾದರೂ ಎಲ್ಲಿಗೆಂದು ಕೇಳಿದರೆ, "ಜಿಂಕೆ ಕೊಂದಿದ್ದೆ, ಕೋರ್ಟಿಗೆ" ಎಂದು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದರು. ಮನೆಯಲ್ಲಿ ದೊಡ್ಡಮ್ಮ ಊಟ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ.

ಕೊನೆಯ ಸಲ ದೊಡ್ಡಪ್ಪ ಶಿಕಾರಿಪುರದ ನಮ್ಮ ಮನೆಗೆ ಬಂದಾಗ ನನ್ನ ಗಂಡನ ಗೆಳೆಯರೊಬ್ಬರು, "ದೊಡ್ಡ ಬೇಟೆಗಾರ್ರಂತಲ್ರೀ ನೀವು, ಒಂದ್ ಕಥಿ ಹೇಳ್ರಿ" ಎಂದರು. ದೊಡ್ಡಪ್ಪ ತಿಂಡಿಯ ತಟ್ಟೆಯನ್ನು ಬದಿಗೆ ಸರಿಸಿದರು.

"ನಾನು ಮರದ ಮೇಲೆ ಅಡಗಿ ಕೂತಿದ್ದೆ. ಅದು ಕೆಳಗೆ ಮೇಯ್ತಿತ್ತು. ಅಷ್ಟೇ ಕಥೆ."

ಕೇಸು ಮುಗಿಯುವ ಮೊದಲೇ ತೀರಿಕೊಂಡರು. ಮಾತಾಡಿಸಲು ಬಂದ ವಕೀಲರು, "ಇನ್ನು ಕೇಸು ತಾನಾಗೇ ಬಿದ್ದುಹೋಗುತ್ತೆ ಅಮ್ಮ, ಯೋಚನೆ ಬೇಡ" ಎಂದು ಸಮಾಧಾನ ಹೇಳಿದರು.

ದೊಡ್ಡಮ್ಮ, "ಅವ್ರಿದ್ದಿದ್ರೆ ಒಪ್ತಿರ್ಲಿಲ್ಲ" ಎಂದರು.