ಹಾಲಿಯ ಮಂಡೆ ಮೇಲಿನ ಕೈ

ನಮ್ಮ ಹಾಲಿಯ ಕನ್ನಡಕವನ್ನು ನೀವು ನೋಡಬೇಕಿತ್ತು. ಮೈನಸ್ ಏಳು! ಅಪ್ಪಟ ಸೋಡಾ ಬುಡ್ಡಿ. ನಾನು ಅವಳ ಅಣ್ಣ ಯೋಗೇಶನ ಹೆಂಡತಿ, ಸುಗನ್ಯಾ. ನೀಲಗಿರಿಯ ಹುಬ್ಬತಲೈಗೆ ಸೊಸೆಯಾಗಿ ಬಂದ ದಿನದಿಂದ ಆ ಕನ್ನಡಕ ಹುಡುಕಿ ಕೊಡುವುದೇ ನನಗೊಂದು ಕೆಲಸ. ಬಚ್ಚಲಲ್ಲಿ, ಅಕ್ಕಿ ಡಬ್ಬದ ಮೇಲೆ, ಒಮ್ಮೆಯಂತೂ ಕೋಳಿಗೂಡಿನೊಳಗೆ ಸಿಕ್ಕಿತ್ತು.

ಹಾಲಿ ಟೀ ಫ್ಯಾಕ್ಟರಿಯ ವ್ಯಾನ್ ಓಡಿಸುತ್ತಾಳೆ. ಹಟ್ಟಿ ಹಟ್ಟಿಗೆ ಹೋಗಿ ಹಸಿ ಎಲೆಯ ಮೂಟೆ ಹೇರಿಕೊಂಡು ಬರುವ ಕೆಲಸ. ಮಂಜು ಬಿದ್ದರೆ ವ್ಯಾನಿನ ಗಾಜಿಗೆ ವೈಪರ್ ಇದೆ, ಅವಳ ಗಾಜಿಗೆ ಏನಿದೆ? ಜೂನ್ ತಿಂಗಳ ಒಂದು ದಿನ ಕನ್ನಡಕದ ಮೇಲೆ ಹಬೆ ಕೂತು, ವ್ಯಾನು ಚರಂಡಿಗೆ ಇಳಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಎಲೆ ಮಾತ್ರ ರಸ್ತೆ ತುಂಬ ಚೆಲ್ಲಿತು.

"ಅತ್ತಿಗೆ, ನಾ ಲೇಸರ್ ಮಾಡಿಸ್ಕೊಳ್ತೀನಿ," ಎಂದಳು ಅಂದು ಸಂಜೆ.

ಒಲೆಯ ಮುಂದೆ ಹೆತ್ತೆ ಕೂತಿದ್ದರು. ನಮ್ಮಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತೇವೆ. "ಕಣ್ಣಿಗೆ ಬೆಂಕಿ ಇಡಿಸ್ಕೊಳ್ತೀಯಾ? ಹೋಗೋದಾದ್ರೆ ಹೋಗು. ಎನ್ನ ಕೈ ಮಾತ್ರ ನಿನ್ನ ಮಂಡೆ ಮೇಲೆ ಬೀಳಲ್ಲ!"

ನಮ್ಮ ಬಡಗ ಜನರಲ್ಲಿ ಇದು ಸಣ್ಣ ಮಾತಲ್ಲ. ಪರೀಕ್ಷೆಯೋ ಪ್ರಯಾಣವೋ, ಹಿರಿಯರ ಮುಂದೆ ತಲೆ ಬಗ್ಗಿಸಿ, ಅವರು ಕೈಯಿಟ್ಟು ಹರಸಿದ ಮೇಲೆಯೇ ಹೊಸ್ತಿಲು ದಾಟುವುದು. ಹೊರಟ ಬೆಳಿಗ್ಗೆ ಹಾಲಿ ಹೋಗಿ ಬಗ್ಗಿ ನಿಂತಳು. ಹೆತ್ತೆ ಮುಖ ತಿರುಗಿಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನೇ ಆ ಹುಡುಗಿಯ ಕೈ ಹಿಡಿದುಕೊಂಡು ಬಸ್ಸು ಹತ್ತಿದೆ.

ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಮೊದಲು ಕಣ್ಣಿನ ಮುಂದಿನ ಪಾರದರ್ಶಕ ಪದರ ಎಷ್ಟು ದಪ್ಪವಿದೆ ಎಂದು ಅಳೆಯುತ್ತಾರಂತೆ. ತೆಳುವಾಗಿದ್ದರೆ ಲೇಸರ್ ಇಲ್ಲ, ಬಂದ ದಾರಿಗೆ ಸುಂಕವಿಲ್ಲ. ಹಾಲಿ ಕನ್ನಡಕ ಒರೆಸಿದ್ದೇ ಒರೆಸಿದ್ದು. ಅಷ್ಟರಲ್ಲಿ ತಲೆ ಪೂರ್ತಿ ನರೆತ ಡಾಕ್ಟರು ಬಂದು ಕೂತರು. ನರೆತ ತಲೆ ಕಂಡದ್ದೇ ತಡ, ನಮ್ಮವಳು ಎದ್ದು ಅವರ ಮುಂದೆ ತಲೆ ಬಗ್ಗಿಸಿ ನಿಂತೇಬಿಟ್ಟಳು! ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. ಐದನೇ ಕ್ಲಾಸಿನಲ್ಲಿದ್ದಾಗ ಹೆತ್ತೆಯ ಮುಂದೆ ಬಗ್ಗಿದಾಗ ಕನ್ನಡಕ ಬಿದ್ದು ಒಡೆದಿತ್ತಂತೆ. ಅಂದಿನಿಂದ ಅವಳು ಬಗ್ಗುವಾಗಲೆಲ್ಲ ಹೆದರಿ ಕಣ್ಣು ಮುಚ್ಚುತ್ತಾಳೆ. ಈಗಲೂ ಕನ್ನಡಕ ಜಾರಿತು, ನೇರ ಡಾಕ್ಟರ ಮಡಿಲಿಗೆ.

ಅವರು ಪಿಳಿಪಿಳಿ ನನ್ನನ್ನು ನೋಡಿದರು. ನಾನು ನಗು ಹಿಡಿದುಕೊಂಡು, "ಮಂಡೆ ಮೇಲೆ ಕೈ ಇಡಿ ಸಾರ್, ಇಲ್ಲಾಂದ್ರೆ ಏಳಲ್ಲ ಅವ್ಳು," ಎಂದೆ. ಆ ಪುಣ್ಯಾತ್ಮ ಇಟ್ಟರು. ಪದರವೂ ಬೇಕಾದಷ್ಟು ದಪ್ಪವಿತ್ತು.

ಲೇಸರ್ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. "ಕೂದ್ಲು ಸುಟ್ಟ ವಾಸ್ನೆ ಬಂತು, ಅಷ್ಟೇ!" ಎಂದಳು. ಮಾರನೆಯ ದಿನ ತಪಾಸಣೆ ಮುಗಿಸಿ ಬೆಟ್ಟ ಹತ್ತುವಾಗ ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ ಎತ್ತಿ ಎತ್ತಿ ಒಂದೊಂದು ತಿರುವಿನ ನಂಬರನ್ನೂ ಕೂಗಿ ಓದಿದಳು. "ಅತ್ತಿಗೆ, ಕೋತಿ ಮೀಸೆ ಕಾಣ್ತದೆ!" ಬಸ್ಸಿನವರೆಲ್ಲ ನಕ್ಕರು. ಮನೆ ಹತ್ತಿರವಾದಂತೆ ಮಾತ್ರ ಅವಳ ಮುಖ ಸಣ್ಣದಾಯಿತು. "ಹೆತ್ತೆ ಇನ್ನು ಯಾವತ್ತೂ ಹರಸಲ್ವಾ?" ಎಂದು ಕೇಳಿದಳು.

ಹೆತ್ತೆ ಒಳಗಿನಿಂದ ಹೊರಗೆ ಬರಲಿಲ್ಲ. ನಾನೂ ಬಿಡುವವಳಲ್ಲ. ಜಗಲಿಯಲ್ಲಿ ನಿಂತು, ನೋಡಲು ಬಂದ ನೆರೆಯವರಿಗೆ ಡಾಕ್ಟರ ಕಥೆಯನ್ನು ಒಲೆಯವರೆಗೂ ಕೇಳುವಂತೆ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಹೆತ್ತೆ ದಡದಡ ಹೊರಗೆ ಬಂದರು.

"ಯಾರೋ ಕೊಯಮತ್ತೂರಿನವ ಎನ್ನ ಮೊಮ್ಮಗಳ ಮಂಡೆ ಮೇಲೆ ಕೈ ಇಡೋದಾ? ನಾನೇನು ಸತ್ತೋದ್ನಾ?"

"ನೀವು ಇಡ್ಲಿಲ್ವಲ್ಲ ಹೆತ್ತೆ," ಎಂದೆ.

ಮುದುಕಿಯ ದನಿ ಇಳಿಯಿತು. "ಭಯ ಆಗಿತ್ತು. ನಾ ಹರಸಿ ಕಳಿಸಿ, ಇವಳ ಕಣ್ಣು ಹೋಗಿಬಿಟ್ಟಿದ್ರೆ? ಆಮೇಲೆ ನಾ ಬದುಕ್ತಿದ್ನಾ?" ಎಂದು ಮೂಗು ಒರೆಸಿಕೊಂಡು, "ಬಗ್ಗು ಹೆಣ್ಣೆ," ಎಂದು ಗದರಿದರು.

"ಕಣ್ಣು ಮುಟ್ಬೇಡಿ!" ಎಂದು ನಾನು ಕೂಗಿದೆ.

ಹಾಲಿ ಕಪ್ಪು ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಬಗ್ಗಿದಳು. ಬೀಳಲು ಏನೂ ಇರಲಿಲ್ಲ, ಹಾಗಾಗಿ ಈ ಸಲ ಕಣ್ಣು ಮುಚ್ಚಲಿಲ್ಲ. ಹೆತ್ತೆಯ ಬಲಗೈ ಮಂಡೆಯ ಮೇಲೆ ಬಂತು. ಎಡಗೈ ಅವಳ ಮುಖದ ಕೆಳಗೆ ಬಂದು ಬೊಗಸೆಯಂತೆ ಬಾಗಿ ನಿಂತಿತು.

"ಇದೇನು ಹೆತ್ತೆ, ಈ ಕೈ?" ಎಂದಳು ಹಾಲಿ.

"ಕನ್ನಡಕ ಬೀಳ್ತದಲ್ಲ," ಎಂದರು ಹೆತ್ತೆ. ಆಮೇಲೆ ಅವರಿಗೇ ನೆನಪಾಗಿ ನಗು ಬಂತು.

ಐದನೇ ಕ್ಲಾಸಿನಲ್ಲಿ ಕನ್ನಡಕ ಒಡೆದಂದಿನಿಂದ, ಹದಿನೆಂಟು ವರ್ಷ ಆ ಕೈ ಹಾಗೇ ನಿಲ್ಲುತ್ತಿತ್ತು. ಮನೆಯವರೆಲ್ಲ ನೋಡಿದ್ದೆವು, ಕಣ್ಣು ಮುಚ್ಚಿ ಬಗ್ಗುತ್ತಿದ್ದ ಅವಳೊಬ್ಬಳನ್ನು ಬಿಟ್ಟು. ಹಾಲಿಯ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಬಾರದೆಂದು ಡಾಕ್ಟರ ಕಟ್ಟಪ್ಪಣೆ, ಹಾಗಾಗಿ ಒರೆಸಿಕೊಳ್ಳಲಿಲ್ಲ. ಹೆತ್ತೆ ಕೈ ಹಿಂದಕ್ಕೆ ಎಳೆದುಕೊಳ್ಳುವ ಮೊದಲೇ ಅದರಲ್ಲಿ ತನ್ನ ಗಲ್ಲ ಇಟ್ಟುಬಿಟ್ಟಳು.