ಎರಡನೆಯ ಅರ್ಧ ಲೋಟ

ಮೇಸ್ತ್ರಿಗಳ ಎಡಗಿವಿಗೆ ಯಾವಾಗಲೂ ಡಾಂಬರು ಮೆತ್ತಿರುತ್ತಿತ್ತು. ದೋಣಿಯ ಹಲಗೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚಿ ಕೇಳುವುದು ಅವರ ರೂಢಿ. ಎಲ್ಲಿ ಕಟ್ಟಿಗೆ ಟೊಳ್ಳು, ಎಲ್ಲಿ ಮೊಳೆ ಸಡಿಲ, ಎಲ್ಲವೂ ಆ ಕಿವಿಗೆ ತಿಳಿಯುತ್ತಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಕಪ್ಪು ಕಲೆ ಹೋಗುತ್ತಿರಲಿಲ್ಲ. ಏನದು ಎಂದು ಕೇಳಿದರೆ, "ದೃಷ್ಟಿಬೊಟ್ಟು ರೀ. ನಾ ಭಾಳ ಚಂದ ಅದೀನಲ್ಲ, ಅದಕ್ಕ" ಎನ್ನುತ್ತಿದ್ದರು. ಆಗಲೇ ಅರವತ್ತು ದಾಟಿತ್ತು ಅವರಿಗೆ.

ಹುಸೇನ್ ಸಾಗರದ ನಡುವೆ ಬುದ್ಧನ ಮೂರ್ತಿ ಇನ್ನೂ ನಿಂತಿರದ ಕಾಲ ಅದು. ಕೆರೆಯ ದಂಡೆಯ ಒಂದು ತಗಡಿನ ಶೆಡ್ಡಿನಲ್ಲಿ ನಾವಿಬ್ಬರೂ ಹಳೆಯ ಸಾಗವಾನಿ ಹಾಯಿದೋಣಿಯೊಂದನ್ನು ದುರಸ್ತಿ ಮಾಡುತ್ತಿದ್ದೆವು. ದೋಣಿ ಒಬ್ಬ ನಿವೃತ್ತ ಸಾಹೇಬರದು. ಮೇಸ್ತ್ರಿಗಳು ಕೃಷ್ಣಾ ದಂಡೆಯವರು. ಮುಂಬೈ ಬಂದರಿನಲ್ಲಿ ದೋಣಿಗೆಲಸ ಕಲಿತು, ಹೆಂಡತಿ ತೀರಿಕೊಂಡ ಮೇಲೆ ಹೈದರಾಬಾದಿಗೆ ಬಂದು ಒಂದೇ ಕೋಣೆಯಲ್ಲಿ ಒಬ್ಬರೇ ಇದ್ದರು. ನಾನು ಬೀದರ ಕಡೆಯವನು, ಏಳನೇ ಇಯತ್ತೆಗೆ ಸಾಲಿ ಬಿಟ್ಟು ಉಳಿ ಹಿಡಿದವನು. ನಾರಾಯಣಗೂಡದಲ್ಲಿ ನಾನು ಕೂಡಿಸಿದ ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಇವತ್ತಿಗೂ ಒಂದು ಪೋಸ್ಟ್‌ಕಾರ್ಡ್ ತೂರುವುದಿಲ್ಲ. ಬೇಕಾದವರು ಹೋಗಿ ನೋಡಬಹುದು.

ಮಧ್ಯಾಹ್ನ ಮೂರಾಯಿತೆಂದರೆ ಮೇಸ್ತ್ರಿಗಳು ಉಳಿ ಕೆಳಗಿಟ್ಟು, ಹೊರಗಿನ ಕಲ್ಲಿನ ಮೇಲೆ ಕುಳಿತು, ಗಾಡಿಯ ಚಹಾದವನಿಗೆ "ಒನ್ ಬೈ ಟೂ!" ಎಂದು ಕೂಗುತ್ತಿದ್ದರು. ಒಂದು ಚಹಾ ಎರಡು ಲೋಟದಲ್ಲಿ ಅರ್ಧರ್ಧ ಬರುತ್ತಿತ್ತು.

"ಬಾ ತಮ್ಮಾ, ಕೂಡು."

"ನೀವು ಕುಡೀರಿ. ನನಗ ಕೆಲಸ ಐತಿ."

ದಿನಾ ಇದೇ ಮಾತು. ಅವರು ತಮ್ಮ ಅರ್ಧ ಕುಡಿದು, ಇನ್ನೊಂದು ಲೋಟದ ಮೇಲೆ ಹಲಗೆಯ ತುಂಡು ಮುಚ್ಚಿ ಕಾಯುತ್ತಿದ್ದರು. ಅದು ಆರಿ ಕೆನೆಗಟ್ಟಿದ ಮೇಲೆ ತಾವೇ ಕುಡಿಯುತ್ತಿದ್ದರು.

"ಕ್ಯಾ ಉಸ್ತಾದ್, ದೋನೋ ತುಮೀಚ್ ಪೀತೇ. ಪೂರಾ ಏಕ್ ಲೇ ಲೋ ನಾ!" ಎಂದು ಚಹಾದವನು ಚೇಷ್ಟೆ ಮಾಡುತ್ತಿದ್ದ. ಎರಡೂ ನೀವೇ ಕುಡಿಯುವುದಾದರೆ ಪೂರಾ ಒಂದೇ ತಗೊಳ್ಳಬಾರದೇ ಎಂದು.

"ದೂಸ್ರಾ ಆರಾ," ಎನ್ನುತ್ತಿದ್ದರು ಮೇಸ್ತ್ರಿಗಳು. ಇನ್ನೊಬ್ಬ ಬರುತ್ತಿದ್ದಾನೆ.

ಆ ಇನ್ನೊಬ್ಬ ಬರುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕೂತವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಕೂತರೆ ಊರು, ಮನೆ, ಸಾಲಿ ಯಾಕೆ ಬಿಟ್ಟಿ ಎಂದು ಮಾತು ಏಳುತ್ತದೆ ಎಂಬ ಅಳುಕೂ ಇತ್ತು. "ದಿನಾ ತೆಲುಗು, ಹಿಂದಿ ಮಾತಾಡಿ ನನ್ನ ನಾಲಿಗಿ ಪರದೇಶಿ ಆಗೈತಲೋ" ಎಂದು ಅವರು ಹೊರಗಿನಿಂದ ಹೇಳಿದರೆ, ನಾನು ಕೊಡತಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದೆ.

ಒಮ್ಮೆ ನಾನು ಕೂಡಿಸಿದ ಹಲಗೆಯೊಂದನ್ನು ಅವರು ಸರಿಯಿಲ್ಲವೆಂದು ಕಿತ್ತರು. ನಾನು ಕೊಡತಿ ಎಸೆದು, ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಹದಿನೈದು ದಿನ ಆ ಕಡೆ ಸುಳಿಯಲಿಲ್ಲ. ಕೊನೆಗೆ ಅವರೇ ಎರಡು ಬಸ್ಸು ಬದಲಿಸಿ ಉಪ್ಪಲ್‌ನ ನನ್ನ ಕೋಣೆಗೆ ಬಂದು, ಬಾಗಿಲಲ್ಲಿ ನಿಂತು, "ಬರ್ತೀಯೇನಪಾ?" ಎಂದಷ್ಟೇ ಕೇಳಿದರು. ಹೋದೆ. ಗೆದ್ದೆ ಅನ್ನಿಸಿತ್ತು.

ದೋಣಿ ವರ್ಷಗಟ್ಟಲೆ ಒಣಗಿ, ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು. ಆ ಸಂದಿಗಳಿಗೆ ಹತ್ತಿಯ ನೂಲು ತುಂಬಬೇಕಿತ್ತು. "ಸಡಿಲ ತುಂಬು ತಮ್ಮಾ. ನೀರಿಗೆ ಇಳಿಸಿದ ಮ್ಯಾಲೆ ಕಟಗಿ ನೀರು ಕುಡದು ಉಬ್ಬತೈತಿ, ಸಂದಿ ತಾನ ಮುಚ್ಚತಾವು. ಎಂಟು ದಿನ ಸೋರಲಿ. ಆವಾಗ ಕೈ ಕಟ್ಟಿಗೊಂಡು ಕೂಡೂದ ನಮ್ಮ ಕೆಲಸ" ಎಂದು ಹೇಳಿ ಮೇಸ್ತ್ರಿಗಳು ನಾಲ್ಕು ದಿನ ಊರಿಗೆ ಹೋದರು.

ಸೋರುವ ಕೆಲಸಕ್ಕೆ ನನ್ನ ಕೈ ಒಪ್ಪಲಿಲ್ಲ. ಹತ್ತಿಯನ್ನು ಹೆಟ್ಟಿ ಹೆಟ್ಟಿ ತುಂಬಿದೆ. ಮೇಲೆ ಸಾಗವಾನಿ ಚಕ್ಕೆ ಬಡಿದೆ. ಅದರ ಮೇಲೆ ಬಣ್ಣವನ್ನೂ ಬಳಿದೆ.

ಮೇಸ್ತ್ರಿಗಳು ಬಂದವರೇ ಕಿವಿ ಹಚ್ಚಿದರು. "ಭಾಳ ಬಿಗಿ ಅನಸಾಕತ್ತೈತಿ. ಎಷ್ಟ ತುಂಬಿದಿ?"

"ನೀವು ಹೇಳಿದಷ್ಟ ರೀ."

ನನ್ನ ಮುಖ ನೋಡಿದರು. ಇನ್ನೊಮ್ಮೆ ಬಡಿದು ಕೇಳಿದರು. ಆಮೇಲೆ ದೋಣಿ ಇಳಿಸುವ ಹಗ್ಗ ತರಲು ಹೋದರು.

ನೀರಿಗಿಳಿಸಿದರೆ ಒಂದು ಹನಿ ಒಳಗೆ ಬರಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ಎರಡು ದಿನ ಎದೆ ಸೆಟೆಸಿ ಓಡಾಡಿದೆ. ಮೂರನೆಯ ದಿನ, ಮೇಸ್ತ್ರಿಗಳು ಕಲ್ಲಿನ ಮೇಲೆ ಚಹಾ ಹಿಡಿದು ಕೂತಿದ್ದಾಗ, ದೋಣಿಯೊಳಗಿನಿಂದ ಫಟ್ ಎಂದು ಸದ್ದಾಯಿತು. ಮತ್ತೆ ಎರಡು ಸಲ. ಓಡಿ ಹೋಗಿ ನೋಡಿದೆ. ಉಬ್ಬಿದ ಹಲಗೆಗಳಿಗೆ ಸರಿಯಲು ಜಾಗವಿಲ್ಲದೆ, ಒಂದನ್ನೊಂದು ನೂಕಿ, ತಮ್ಮನ್ನು ಒಳಗಿನಿಂದ ಹಿಡಿದಿಟ್ಟ ಮೂರು ಮರದ ಪಕ್ಕೆಲುಬುಗಳನ್ನು ಮುರಿದುಹಾಕಿದ್ದವು.

ಹೊರಗೆ ಬಂದಾಗ ಮೇಸ್ತ್ರಿಗಳು ಕೂತಲ್ಲೇ ಇದ್ದರು.

"ಬಾ, ಕೂಡು."

ಅವತ್ತು ಕೂತೆ. "ನಾ ಸುಳ್ಳು ಹೇಳಿದ್ನಿ ರೀ" ಎಂದೆ.

"ಗೊತ್ತಿತ್ತು."

"ಮತ್ತ ಯಾಕ ಬಿಟ್ರಿ? ಅವತ್ತ ಕಿತ್ತಿದ್ರ ಇದಾಗತಿರಲಿಲ್ಲ."

ಅವರು ಕೆರೆಯ ಕಡೆ ನೋಡಿದರು. "ಕಿತ್ತಿದ್ರ ನೀ ಮತ್ತ ಚಪ್ಪಲಿ ಮೆಟ್ಟತಿದ್ದಿ. ಕನ್ನಡದಾಗ ಬೈಸಿಕೊಳ್ಳಾಕರ ನನಗೊಬ್ಬ ಮನಷ್ಯಾ ಬೇಕಲ್ಲೋ?" ಎಂದು ಹಲಗೆಯ ತುಂಡು ಸರಿಸಿ ಲೋಟವನ್ನು ನನ್ನ ಕೈಗಿಟ್ಟರು. ಚಹಾ ತಣ್ಣಗಾಗಿತ್ತು.

ನನಗಾಗಿ ಅವರು ತಮ್ಮ ಕಿವಿಯ ಮಾತನ್ನೇ ಕೇಳದೆ ಬಿಟ್ಟಿದ್ದರು.

ಸಾಹೇಬರಿಗೆ ನಾನೇ ಹೋಗಿ ನಿಜ ಹೇಳಿ ಬೈಸಿಕೊಂಡೆ. ಹೊಸ ಪಕ್ಕೆಲುಬು ಕೂಡಿಸಿ, ಸಂದಿಗಳನ್ನು ಸಡಿಲ ತುಂಬಿ ಮತ್ತೆ ಇಳಿಸಿದಾಗ ದೋಣಿ ಬುಟ್ಟಿಯ ಹಾಗೆ ಸೋರಿತು. "ಅದು ನೀರು ಕುಡೀಲಿ, ನಾವು ಚಾ ಕುಡಿಯೂಣು" ಎಂದರು ಮೇಸ್ತ್ರಿಗಳು. ಎಂಟು ದಿನ ಆ ಕಲ್ಲಿನ ಮೇಲೆ ಕೂತೆವು. ಎರಡೂ ಲೋಟ ಬಿಸಿ ಇದ್ದಾಗಲೇ ಖಾಲಿಯಾದವು. ಬಡತನಕ್ಕೆ ಸಾಲಿ ಬಿಟ್ಟೆ ಎಂದು ಎಲ್ಲರಿಗೂ ಹೇಳುತ್ತಿದ್ದ ನಾನು ಅವರಿಗೆ ನಿಜ ಹೇಳಿದೆ: ಫೇಲಾಗಿದ್ದೆ.

"ನಾ ಸಾಲಿ ಕಟ್ಟೀನ ಹತ್ತಿಲ್ಲ. ನೀ ನನಗಿಂತ ಏಳು ಇಯತ್ತೆ ಮುಂದ ಅದಿ. ಹಂಗಂತ ಹಾರಾಡಬ್ಯಾಡ" ಎಂದರು.

ಒಂಬತ್ತನೆಯ ದಿನ ಸೋರುವುದು ನಿಂತಿತ್ತು. ಅವರು ನನ್ನ ತಲೆ ಹಿಡಿದು ಹಲಗೆಗೆ ಕಿವಿ ಹಚ್ಚಿಸಿದರು. ಅವತ್ತು ಕಿವಿಯ ಡಾಂಬರು ಒರೆಸಿಕೊಳ್ಳದೆ ಉಪ್ಪಲ್ ಬಸ್ಸು ಹತ್ತಿದೆ.

ಆಮೇಲೆ ನನಗೆ ಮತ್ತೆ ನಾರಾಯಣಗೂಡದಲ್ಲಿ ಬಾಗಿಲುಗಳ ಕೆಲಸ ಬಂತು. ಅವರು ಶೆಡ್ಡಿನಲ್ಲೇ ಉಳಿದರು. ವಾರಕ್ಕೊಮ್ಮೆ ಬರುತ್ತೇನೆ ಅಂದಿದ್ದೆ. ನಾಲ್ಕಾರು ವಾರ ಹೋದೆ. ಆಮೇಲೆ ಕೆಲಸ ಇತ್ತು. ಕೆಲಸ ಯಾವಾಗಲೂ ಇರುತ್ತದೆ.

ಒಂದು ವರ್ಷದ ಮೇಲೆ ನಾನು ಹೋದಾಗ ಶೆಡ್ಡಿಗೆ ಬೀಗ ಹಾಕಿತ್ತು. ಮೇಸ್ತ್ರಿಗಳು ತೀರಿಕೊಂಡು ತಿಂಗಳಾಯಿತೆಂದು ಚಹಾದವನು ಹೇಳಿದ. ಅವನು ಹೇಳಬೇಕಾದದ್ದು ಇನ್ನೂ ಒಂದಿತ್ತು. ಲೋಟ ತೊಳೆಯುತ್ತಾ, ನನ್ನ ಮುಖ ನೋಡದೆ ಹೇಳಿದ: "ಆಖ್ರೀ ಮೇ ಒನ್ ಬೈ ಟೂ ನಹೀ ಬೋಲ್ತೇ ಥೇ. ಪೂರಾ ಏಕ್ ಬೋಲ್ತೇ ಥೇ."

ಕೊನೆಕೊನೆಗೆ ಪೂರಾ ಒಂದೇ ಹೇಳುತ್ತಿದ್ದರಂತೆ.

ನಾನು ಆ ಕಲ್ಲಿನ ಮೇಲೆ ಹೋಗಿ ಕೂತೆ. ಒನ್ ಬೈ ಟೂ ಅಂದೆ. ಇನ್ನೊಬ್ಬ ಯಾರು ಎಂದು ಅವನು ಕೇಳಲಿಲ್ಲ. ಎರಡೂ ಲೋಟ ತಂದಿಟ್ಟು, ಸುತ್ತಮುತ್ತ ಹುಡುಕಿ, ಒಂದು ಹಲಗೆಯ ತುಂಡು ತಂದುಕೊಟ್ಟ.