ಎಡ ಗಾಲಿಯ ಸದ್ದು ಕೇಳಿದ ತಾಯಣ್ಣ

ದೇವದುರ್ಗದಲ್ಲಿ ಗಾಡಿ ರಿಪೇರಿಯವರಿಗೇನು ಬರವಿಲ್ಲ. ಆದರೆ ಬ್ರೇಕು ಅಂದರೆ ತಾಯಣ್ಣ, ತಾಯಣ್ಣ ಅಂದರೆ ಬ್ರೇಕು ಎಂಬ ಮಾತು ಇಪ್ಪತ್ತೆರಡು ವರ್ಷದಿಂದ ಊರಲ್ಲಿ ಚಾಲ್ತಿಯಲ್ಲಿತ್ತು. ಆ ಮಾತನ್ನು ಊರವರಿಗಿಂತ ತಾಯಣ್ಣನೇ ಹೆಚ್ಚು ಸಲ ಹೇಳುತ್ತಿದ್ದ ಅನ್ನುವುದೂ ನಿಜ. ಹೇಳಿಕೊಳ್ಳಲಿ ಬಿಡಿ, ಸುಳ್ಳೇನಲ್ಲವಲ್ಲ! ರಾಯಚೂರಿನಲ್ಲಿ ಅಬ್ದುಲ್ ವಹೀದ್ ಉಸ್ತಾದರ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ನಟ್ಟು ಬಿಚ್ಚುವ ಪಾನಾ ಹಿಡಿದು ಕಲಿತ ಕೆಲಸ ಅದು. ಗಾಡಿ ಓಡಿಸಿ ತಂದು ನಿಲ್ಲಿಸಿದ ಕೂಡಲೇ ನಾಲ್ಕೂ ಗಾಲಿಯ ಹತ್ತಿರ ಕೈ ಹಿಡಿದು ನೋಡು, ಯಾವುದು ಹೆಚ್ಚು ಕಾದಿದೆಯೋ ಅದರಲ್ಲಿ ಬ್ರೇಕು ಬಿಡುತ್ತಿಲ್ಲ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಒತ್ತು, ಗಾಡಿ ಬಲಕ್ಕೆ ಎಳೆದರೆ ಎಡಗಡೆಯದು ಹಿಡಿಯುತ್ತಿಲ್ಲ. ಸ್ಟೇರಿಂಗ್ ನಡುಗಿದರೆ ಗಾಲಿಯ ಜೊತೆ ತಿರುಗುವ ಡಿಸ್ಕ್ ಡೊಂಕಾಗಿದೆ. ಇದನ್ನೆಲ್ಲ ಉಸ್ತಾದರು ಬೈದು ಬೈದು ತಲೆಗೆ ತುಂಬಿದ್ದರು.

ಉಸ್ತಾದರು ಕಲಿಸದೆ ಬಂದ ಒಂದು ವಿದ್ಯೆಯೂ ತಾಯಣ್ಣನಿಗಿತ್ತು. ಅವನ ಅಂಗಡಿ ರಾಯಚೂರು ರಸ್ತೆಯಲ್ಲಿ. ಪಕ್ಕದಲ್ಲಿ ಶಾಲೆ. ಶಾಲೆಯ ಮಕ್ಕಳಿಗಾಗಿ ಅಂಗಡಿಯ ನೇರ ಮುಂದೆ ಒಂದು ರೋಡ್ ಹಂಪ್ ಹಾಕಿದ್ದರು. ಊರು ಬಿಡುವ ಗಾಡಿ ಯಾವುದೇ ಇರಲಿ, ತಾಯಣ್ಣನ ಬಾಗಿಲ ಮುಂದೆ ಬ್ರೇಕ್ ಒತ್ತಲೇಬೇಕು. ಇವನು ಹಳೇ ಟೈರಿನ ಮೇಲೆ ಕೂತು, ಚಹಾದ ಲೋಟ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದ. "ಹಿಂದಿನ ಬಲಗಡೆ, ಬ್ರೇಕ್ ಲೈನರ್ ಮುಗದದ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಪಂದ್ಯ ಕಟ್ಟಿ ಸೋತವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಇಂಥ ತಾಯಣ್ಣನ ಜೀವದ ಗೆಳೆಯ ಹುಲಗಪ್ಪ. ಅವನದೊಂದು ಬಿಳಿ ಪಿಕಪ್. ಬೆಳಿಗ್ಗೆ ದೇವದುರ್ಗದಿಂದ ರಾಯಚೂರಿಗೆ ತರಕಾರಿ ಒಯ್ಯುತ್ತಿದ್ದ, ಬರುವಾಗ ಮಾನ್ವಿಯ ಮೇಲೆ ಹಾದು ಗೊಬ್ಬರದ ಚೀಲ ಹೇರಿಕೊಂಡು ಕಲ್ಲೂರಿನ ಗದ್ದೆಗಳಿಗೆ ಹಾಕಿ ಬರುತ್ತಿದ್ದ. ಗದ್ದೆ ಅಂದ ಮೇಲೆ ರಾಡಿ. ಮುಂದಿನ ಗಾಲಿ ಅರ್ಧಕ್ಕರ್ಧ ಹೂತು ಏಳುತ್ತಿತ್ತು. ಹುಲಗಪ್ಪ ಕಾಲುವೆಗೆ ಗಾಡಿ ಇಳಿಸಿ ಮೇಲೆ ಮೇಲೆ ತೊಳೆದು ಥಳಥಳ ಮಾಡಿಕೊಂಡು ಬರುತ್ತಿದ್ದ. ಒಳಗೆ ಹೊಕ್ಕ ರಾಡಿ ಮಾತ್ರ ಅಲ್ಲೇ ಒಣಗಿ ಗಟ್ಟಿ ಇಟ್ಟಂಗಿ ಆಗುತ್ತಿತ್ತು.

ಅದಕ್ಕೆ ತಾಯಣ್ಣನೇ ಒಂದು ಪದ್ಧತಿ ಮಾಡಿದ್ದ. ಆಯುಧಪೂಜೆಯ ಹಿಂದಿನ ದಿನ ಪಿಕಪ್ ಅವನ ಅಂಗಡಿಗೆ ಬರಬೇಕು. ಮುಂದಿನ ಎರಡೂ ಗಾಲಿ ಬಿಚ್ಚಿ, ಡಿಸ್ಕನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕ್ಯಾಲಿಪರು ಹಿಂದೆ ಮುಂದೆ ಜಾರಾಡುವುದಕ್ಕೆ ಇರುವ ಎರಡು ಪಿನ್ನು ಹೊರಗೆ ತೆಗೆದು, ರಾಡಿ ಕೆರೆದು, ಹೊಸ ಗ್ರೀಸ್ ಹಚ್ಚಿ ಹಾಕುತ್ತಿದ್ದ. ಅದೂ ಎಂಥದ್ದೋ ಗ್ರೀಸ್ ಅಲ್ಲ, ಪಿನ್ನಿನ ಮೇಲಿನ ರಬ್ಬರನ್ನು ಉಬ್ಬಿಸದ ಗ್ರೀಸ್. ಮರುದಿನ ಅಲ್ಲೇ ಪೂಜೆ, ಅಲ್ಲೇ ಕಾಯಿ. ಹುಲಗಪ್ಪನ ಹೆಂಡತಿ ರೇಣುಕಮ್ಮ ಹೋಳಿಗೆ ಕಟ್ಟಿ ಕಳಿಸುತ್ತಿದ್ದಳು. ಹನ್ನೊಂದು ವರ್ಷ ಇದು ತಪ್ಪಿರಲಿಲ್ಲ.

ಈ ವರ್ಷ ತಪ್ಪಿತು. ಬಸ್‌ಸ್ಟ್ಯಾಂಡಿನ ಹಿಂದೆ ಕಿರಣಕುಮಾರ ಅನ್ನುವ ಮೂವತ್ತರ ಹುಡುಗ ಹೊಸ ಗ್ಯಾರೇಜ್ ತೆರೆದ. ಗಾಡಿಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುವ ಲಿಫ್ಟ್ ಏನು, ಗಾಳಿ ಊದುವ ಮಿಷನ್ ಏನು, ಬಂದವರಿಗೆ ಕೂರಲು ಕೆಂಪು ಕುರ್ಚಿ ಏನು! ಆಯುಧಪೂಜೆಯ ದಿನ ಹುಲಗಪ್ಪನ ಬಿಳಿ ಪಿಕಪ್ ಆ ಅಂಗಡಿಯ ಮುಂದೆ ಚೆಂಡುಹೂವಿನ ಮಾಲೆ ಹಾಕಿಕೊಂಡು ನಿಂತಿದ್ದನ್ನು ತಾಯಣ್ಣ ಕಣ್ಣಾರೆ ಕಂಡ. ಹೊಸ ಅಂಗಡಿಯವನು ಕರೆದಿದ್ದಾನೆ, ಮರ್ಯಾದೆಗೆ ಒಂದು ಸಲ ಹೋಗಿದ್ದಾನೆ, ಅಷ್ಟೇ ಅಂದುಕೊಂಡು ಸುಮ್ಮನಾಗಬಹುದಿತ್ತು. ಎಲ್ಲಿ ಸುಮ್ಮನಾಗುತ್ತಾನೆ? ಅವತ್ತು ಮನೆಯಲ್ಲಿ ಹೆಂಡತಿ ಮಾನಮ್ಮ ಬಡಿಸಿದ ಹಬ್ಬದೂಟವನ್ನು ಅರ್ಧಕ್ಕೇ ಬಿಟ್ಟು ಎದ್ದ.

ಅಲ್ಲಿಂದ ಮುಂದೆ ತಾಯಣ್ಣನ ಕಣ್ಣು ಕಿರಣಕುಮಾರನ ಅಂಗಡಿ ಬಿಟ್ಟು ಬೇರೆ ಕಡೆ ಹೋಗಲಿಲ್ಲ. ಯಾವ ಗಾಡಿ ಒಳಗೆ ಹೋಯಿತು, ಯಾರು ಕೆಂಪು ಕುರ್ಚಿಯಲ್ಲಿ ಕೂತರು, ಯಾರು ನಗುತ್ತಾ ಹೊರಗೆ ಬಂದರು ಎಲ್ಲವೂ ಅವನಿಗೆ ಬೇಕು. "ಲಿಫ್ಟಿನ್ಯಾಗ ಎತ್ತಿದ್ರ ಬ್ರೇಕ್ ಸರಿ ಆಗ್ತದೇನು? ಹಂಗಾರ ನಾನೂ ಗಾಡಿ ತಲಿಮ್ಯಾಲ ಹೊತ್ತು ಕುಣೀತೀನಿ" ಎಂದು ಚಹಾದಂಗಡಿಯಲ್ಲಿ ಮೂಗು ಮುರಿದ. ಕೇಳಿದವರು ನಕ್ಕರು, ಆಮೇಲೆ ತಮ್ಮ ಗಾಡಿಯನ್ನು ಕಿರಣಕುಮಾರನ ಹತ್ತಿರವೇ ಒಯ್ದರು.

ದಸರೆಯ ಹಿಂದೆಯೇ ಬರುವ ಸೀಗಿ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಬಿಳಿ ಪಿಕಪ್ ಹಂಪ್ ಹತ್ತಿರ ಬಂದು ಬ್ರೇಕ್ ಒತ್ತಿತು. ಎಡಗಡೆ ಮುಂದಿನ ಗಾಲಿಯಿಂದ ಸಣ್ಣಗೆ, ಸೀಟಿ ಊದಿದ ಹಾಗೆ, ಕೀಂ ಅಂತ ಒಂದು ಸದ್ದು ಬಂತು. ಬ್ರೇಕಿನ ಪ್ಯಾಡು ಸವೆದು ಕೊನೆಗೆ ಬಂದಾಗ ಅದಕ್ಕೆ ಹಚ್ಚಿದ ತಗಡು ಡಿಸ್ಕಿಗೆ ತಾಕಿ ಹೀಗೆ ಕೂಗುತ್ತದೆ. ತಾಯಣ್ಣ ಕಣ್ಣು ತೆರೆದ. ಹುಲಗಪ್ಪನ ಪಕ್ಕದ ಸೀಟಿನಲ್ಲಿ ಅವನ ಮಗಳು ಸವಿತಾ ಕೂತಿದ್ದಳು. ರಾಯಚೂರಿನಲ್ಲಿ ನರ್ಸಿಂಗ್ ಓದುವ ಹುಡುಗಿ, ದಿನಾ ಅಪ್ಪನ ಗಾಡಿಯಲ್ಲೇ ಹೋಗುತ್ತಿದ್ದಳು. "ಕಾಕಾ!" ಎಂದು ಕಿಟಕಿಯಿಂದ ಕೈ ಬೀಸಿದಳು. ತಾಯಣ್ಣನೂ ಕೈ ಎತ್ತಿದ.

ಪಿನ್ನು ಬಿಗಿದುಕೊಂಡಿವೆ ಎಂದು ಅವನಿಗೆ ಆ ಕ್ಷಣವೇ ತಿಳಿಯಿತು. ಪಿನ್ನು ಜಾರದಿದ್ದರೆ ಡಿಸ್ಕಿನ ಎರಡು ಬದಿಯ ಪ್ಯಾಡುಗಳಲ್ಲಿ ಒಳಗಿನದೊಂದೇ ಎಲ್ಲ ಹೊರೆ ಹೊತ್ತು ಸವೆಯುತ್ತದೆ, ಹೊರಗಿನದು ಹೊಸದರ ಹಾಗೇ ಉಳಿಯುತ್ತದೆ. ಹಬ್ಬಕ್ಕೆ ಬಿಚ್ಚಿ ಕೆರೆದಿದ್ದರೆ ಹೀಗೆ ಆಗುತ್ತಿತ್ತೇ? ತಾಯಣ್ಣನಿಗೆ ಖುಷಿಯಾಯಿತು. ಏನು ಖುಷಿ ಅಂತೀರಿ, ಎಷ್ಟೋ ದಿನದ ಮೇಲೆ ಎರಡು ರೊಟ್ಟಿ ಹೆಚ್ಚು ತಿಂದ.

"ಹುಲಗ್ಯಾನ ಎಡಗಡೆ ಬ್ರೇಕ್ ಹೊಂಟದ ನೋಡು" ಎಂದು ಮಾನಮ್ಮನಿಗೆ ಹೇಳಿದ.

"ಹೌದಾ? ಮತ್ತ ಅವಗ ಹೇಳಿದ್ಯೋ ಇಲ್ಲೋ?"

"ನಾ ಯಾಕ ಹೇಳ್ಲಿ? ಅವ್ನ ಲಿಫ್ಟಿನ ಸಾಹೇಬ ಹೇಳ್ತಾನ."

"ಆ ಗಾಡ್ಯಾಗ ಸವಿತಾನೂ ಹೋಗ್ತಾಳಲ್ಲಾ."

"ಏ, ನೀ ಸುಮ್ಕಿರಬೇ! ಬಲಗಡಿದು ಅದ, ಹಿಂದಿನವು ಅದಾವ. ಡಿಸ್ಕ್ ಹಾಳಾಗ್ತದ, ಅಷ್ಟ. ಊರಾಗ ಆ ಹುಡುಗನ ಮಾನ ಹೋಗ್ಲಿ, ಆಮ್ಯಾಲ ನಾ ಸರಿ ಮಾಡ್ತೀನಿ."

ನಾಳೆ ಹೇಳಿಬಿಡು ಎಂದು ಮಾನಮ್ಮ ಗಟ್ಟಿಯಾಗಿಯೇ ಅಂದಳು. ಹೂಂ ಅಂದ. ನಾಳೆ ಬಂತು, ನಾಡಿದ್ದೂ ಬಂತು. ಒಂದು ವಾರಕ್ಕೆ ಸೀಟಿಯ ಸದ್ದು ಹೋಗಿ ಗರ್‌ರ್ ಅನ್ನುವ ಸದ್ದು ಹಿಡಿಯಿತು. ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು. ಬೇರೆಯವರ ಗಾಡಿಯಾಗಿದ್ದರೆ ತಾಯಣ್ಣ ರಸ್ತೆಗೆ ಅಡ್ಡ ನಿಂತು, ಬೈದು, ಕೀಲಿ ಕಸಿದುಕೊಳ್ಳುತ್ತಿದ್ದ. ಈಗ ಚಹಾ ಕುಡಿಯುತ್ತಾ ಕೂತ. ಅಲ್ಲಿ ಗಾಡಿ ಹಾಳಾಗುತ್ತಿದೆ ಎಂಬ ಸಂಕಟ ಒಂದು ಕಡೆ, ಸಿಕ್ಕಿಬೀಳಲಿ ಆ ಲಿಫ್ಟಿನ ಸಾಹೇಬ ಎಂಬ ಹಿಗ್ಗು ಒಂದು ಕಡೆ. ಹಿಗ್ಗೇ ದಿನಾ ಗೆಲ್ಲುತ್ತಿತ್ತು.

ದೀಪಾವಳಿ ಪಾಡ್ಯದ ದಿನ ಹುಲಗಪ್ಪ ಊಟಕ್ಕೆ ಕರೆದ. ತಾಯಣ್ಣನಿಗೆ ತನ್ನ ಮೇಲೆ ಸಿಟ್ಟಿದೆ ಎಂಬುದೇ ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ರೇಣುಕಮ್ಮ ಹೋಳಿಗೆಯ ಮೇಲೆ ತುಪ್ಪ ಸುರಿದಳು. ಸವಿತಾ ನೀರು ತಂದಿಟ್ಟಳು. ಹುಡುಗಿಯ ಮುಖ ನೋಡಿ ತಾಯಣ್ಣನ ಮನಸ್ಸು ಕರಗಿ ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹುಲಗಪ್ಪ, "ಏನ ಅನ್ನು ತಾಯಣ್ಣಾ, ಆ ಕಿರಣನ ಗಾಳಿ ಮಿಷನ್ ಭಾರಿ ಅದ. ಎರಡ ನಿಮಿಷದಾಗ ಗಾಡಿ ಎಲ್ಲಾ ಸಾಫ್" ಅಂದ. ತಾಯಣ್ಣ ಬಂದ ಮಾತನ್ನು ಹೋಳಿಗೆಯ ಜೊತೆ ನುಂಗಿಬಿಟ್ಟ.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ, ಊರಿಂದ ಆರು ಕಿಲೋಮೀಟರ್ ಆಚೆ, ಕುರಿಗಳು ರಸ್ತೆಗೆ ಇಳಿದವು. ಹುಲಗಪ್ಪ ಜೋರಾಗಿ ಬ್ರೇಕ್ ಒತ್ತಿದ. ಬಲಗಾಲಿ ಹಿಡಿಯಿತು, ಎಡಗಾಲಿ ಹಿಡಿಯಲಿಲ್ಲ. ಪಿಕಪ್ ಬಲಕ್ಕೆ ತಿರುಗಿ, ಎದುರಿಗೆ ಬರುತ್ತಿದ್ದ ಬಸ್ಸಿನ ಮುಂದೆಯೇ ಹಾದು, ಆ ಕಡೆಯ ಜಾಲಿ ಮರಕ್ಕೆ ಗುದ್ದಿ ನಿಂತಿತು. ಬಸ್ಸಿನವನು ಹೇಗೆ ನಿಲ್ಲಿಸಿದನೋ ಅವನಿಗೇ ಗೊತ್ತು. ಸವಿತಾಳ ಹಣೆ ಮುಂದಿನ ಗಾಜಿಗೆ ಬಡಿಯಿತು.

ಮಧ್ಯಾಹ್ನ ಟ್ರ್ಯಾಕ್ಟರೊಂದು ಬಿಳಿ ಪಿಕಪ್ಪನ್ನು ಎಳೆದುಕೊಂಡು ಬಂದು ನಿಂತದ್ದು ಕಿರಣಕುಮಾರನ ಗ್ಯಾರೇಜಿನ ಮುಂದಲ್ಲ, ತಾಯಣ್ಣನ ಅಂಗಡಿಯ ಮುಂದೆ. ಮೊದಲು ಅವನಿಗಾದದ್ದು ಸಂತೋಷವೇ, ಮುಚ್ಚಿಡುವುದೇನು? ಆಮೇಲೆ ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡು ಆಟೋದಿಂದ ಇಳಿದ ಸವಿತಾಳನ್ನು ಕಂಡು ಎದೆ ಧಸಕ್ಕೆಂದಿತು. ನಾಲ್ಕು ಹೊಲಿಗೆ ಹಾಕಿದ್ದಾರೆ, ಹೆದರಿಕೆಯಿಲ್ಲ ಎಂದು ಕೇಳಿದ ಮೇಲೆ ಜೀವ ತಿರುಗಿ ಬಂತು. ಜೀವದ ಹಿಂದೆಯೇ ಆ ಸಂತೋಷವೂ ಬಂತು.

"ತಾಯಣ್ಣಾ, ನೀನ ನೋಡಪ. ನನಗ ಇನ್ನ ಯಾರ ಮ್ಯಾಲೂ ನಂಬಿಕಿಲ್ಲ" ಎಂದ ಹುಲಗಪ್ಪ.

ಇಪ್ಪತ್ತು ಮಂದಿ ಸೇರಿದರು. ಸುದ್ದಿ ಕೇಳಿ ಕಿರಣಕುಮಾರನೂ ಓಡಿ ಬಂದ. ತಾಯಣ್ಣ ಜಾಕಿ ಹಚ್ಚಿ ಗಾಲಿ ಬಿಚ್ಚಿದ, ಕ್ಯಾಲಿಪರ್ ಬಿಚ್ಚಿ ಎರಡೂ ಪ್ಯಾಡು ಅಂಗೈ ಮೇಲೆ ಇಟ್ಟುಕೊಂಡು ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಹೊರಗಿನದು ಬೆರಳ ದಪ್ಪ ಇತ್ತು. ಒಳಗಿನದರಲ್ಲಿ ಕಬ್ಬಿಣದ ತಗಡು ಬಿಟ್ಟರೆ ಏನೂ ಇರಲಿಲ್ಲ. ಡಿಸ್ಕಿನ ಮೇಲೆ ನೇಗಿಲು ಹೊಡೆದ ಹಾಗೆ ಗೆರೆ ಬಿದ್ದಿದ್ದವು.

"ನೀ ನೋಡಿದ್ದೇನು ಇದನ್ನ?" ಎಂದು ಕಿರಣಕುಮಾರನನ್ನು ಕೇಳಿದ.

"ನೋಡಿದ್ದೆ ಕಾಕಾ. ಸಪ್ಪಳ ಬರ್ತದಂತ ಹುಲಗಪ್ಪಣ್ಣ ಬಂದಿದ್ರು. ಗಾಲಿ ಸಂದ್ಯಾಗ ಬ್ಯಾಟರಿ ಬಿಟ್ಟು ನೋಡ್ದೆ, ಹೊರಗಿನ ಪ್ಯಾಡ್ ದಪ್ಪ ಕಂಡ್ತು. ಧೂಳ ಇರ್ಬೇಕಂತ ಗಾಳಿ ಹೊಡದು ಕಳಸ್ದೆ." ಹುಡುಗ ತಲೆ ತಗ್ಗಿಸಿದ. "ತಪ್ಪಾತ್ರಿ. ಗಾಲಿ ಬಿಚ್ಚಿ ನೋಡಬೇಕಿತ್ತು."

ಅಲ್ಲಿಗೆ ಮುಗಿಯಬೇಕಿತ್ತು. ಬೇಕಾದದ್ದೆಲ್ಲ ಸಿಕ್ಕಿತ್ತು. ಎದುರಾಳಿ ಇಪ್ಪತ್ತು ಮಂದಿಯ ಮುಂದೆ ತಪ್ಪು ಒಪ್ಪಿಕೊಂಡಿದ್ದ, ಗೆಳೆಯ ಮರಳಿ ಬಂದಿದ್ದ. ಆದರೆ ಹೊಟ್ಟೆಕಿಚ್ಚಿಗೆ ಸಾಕು ಅನ್ನುವುದು ಗೊತ್ತೇ? ತಾಯಣ್ಣ ಎದೆ ಉಬ್ಬಿಸಿದ.

"ಗಾಲಿ ಬಿಚ್ಚೋದ್ಯಾಕಲೇ? ನಾ ಇಲ್ಲಿ ಟೈರಿನ ಮ್ಯಾಲ ಕುಂತು ಹೇಳಿದ್ದೆ, ಎಡಗಡಿ ಒಳಗಿನ ಪ್ಯಾಡಂತ! ಸೀಗಿ ಹುಣ್ಣಿಮಿ ಮರುದಿನಾನ ಹೇಳಿದ್ದೆ. ಬೇಕಾದ್ರ ನಮ್ಮ ಮಾನಮ್ಮನ್ನ ಕೇಳ್ರಿ!"

ಯಾರೋ ಭೇಷ್ ಎಂದರು. ಹುಲಗಪ್ಪ ಮಾತ್ರ ಮುಂದೆ ಬಂದು ಕೇಳಿದ.

"ಯಾವತ್ತು?"

ತಾಯಣ್ಣನಿಗೆ ಆಗ ತಿಳಿಯಿತು. ತಿಳಿದು ಏನು ಮಾಡುವುದು, ಬಾಯಿಂದ ಬಿದ್ದಾಗಿತ್ತು.

"ಸೀಗಿ ಹುಣ್ಣಿಮಿ ಮರುದಿನಾ?" ಹುಲಗಪ್ಪನ ದನಿ ಏರಲಿಲ್ಲ. "ಹತ್ತೊಂಬತ್ತ ದಿನ ಆತಲ್ಲೋ. ನಡುವ ಪಾಡ್ಯದ ದಿನ ನಮ್ಮನ್ಯಾಗ ಉಂಡು ಹೋದಿ. ನಿನಗ ಗೊತ್ತಿತ್ತಾ?"

"ಹುಲಗ್ಯಾ, ಹಂಗಲ್ಲ..."

"ಸಪ್ಪಳ ಬರಾಕತ್ತದಂತ ನಿನ್ನ ಕೇಳಬೇಕಂತ ನಾಲ್ಕ ಸಲ ಬಂದೆ. ಪೂಜಿಗೆ ಅಲ್ಲಿ ಹೋಗಿ, ಈಗ ಯಾವ ಮುಖ ತೊಗೊಂಡು ಕೇಳ್ಲಿ ಅಂತ ನಾಚಿಗಿ ಆಗಿ ಹಂಗಾ ಹೋದೆ. ನೀ ಕೇಳಿಸ್ಕೊಂತ ಕುಂತಿದ್ದೆಲ್ಲೋ."

"ಹೊಟ್ಟಿಕಿಚ್ಚಾತಪ್ಪ ನನಗ!" ತಾಯಣ್ಣ ಕೂಗಿಯೇ ಬಿಟ್ಟ. "ಹನ್ನೊಂದ ವರ್ಷ ನನ್ನ ಅಂಗಡ್ಯಾಗ ಪೂಜಿ ಮಾಡ್ದಂವ ಅಲ್ಲಿ ಹೋಗಿ ನಿಂತಿ. ಹೊಟ್ಟಿಕಿಚ್ಚಾತು. ತಪ್ಪಾತು."

"ಆಗ್ಲಿ. ನನ್ನ ಮ್ಯಾಲ ಆಗ್ಬೇಕಿತ್ತು. ನನ್ನ ಕೂಸಿನ ಮ್ಯಾಲ ಯಾಕೋ?"

ಸವಿತಾ ಕಾಕಾನ ಮುಖ ನೋಡಲಿಲ್ಲ. ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ರಸ್ತೆಯ ಕಡೆ ತಿರುಗಿ ಕೂತಳು. ಸೇರಿದ ಮಂದಿ ಒಬ್ಬೊಬ್ಬರೇ ಕೆಲಸ ನೆನಪಾದವರಂತೆ ಹೊರಟುಹೋದರು.

"ಕಿರಣಾ, ಉಳಿದ ಕೆಲಸ ನೀ ಮಾಡು" ಎಂದ ಹುಲಗಪ್ಪ.

ಕಿರಣಕುಮಾರ ಹೋಗಿ ಹೊಸ ಡಿಸ್ಕು, ಹೊಸ ಪ್ಯಾಡು ತಂದ. ತಾಯಣ್ಣನ ಅಂಗಡಿಯಲ್ಲೇ, ತಾಯಣ್ಣನ ಪಾನಾ ಹಿಡಿದು, ಒಳಗೊಳಗೇ ಹೆದರುತ್ತಾ ಕೆಲಸ ಮಾಡಿದ. ಬಿಗಿದ ಪಿನ್ನು ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ತಾಯಣ್ಣ ಪಕ್ಕದಲ್ಲಿ ನಿಂತು, ಆ ಗ್ರೀಸ್ ಬೇಡ, ಈ ಗ್ರೀಸ್ ಹಚ್ಚು, ಬಲಗಡೆಯದನ್ನೂ ಬಿಚ್ಚು, ಪಿನ್ನು ಬೆರಳಿನಿಂದ ದೂಡಿದರೆ ಜಾರಬೇಕು ನೋಡು, ರಾಡಿಗೆ ಹೋಗಿ ಬಂದ ಗಾಡಿಯನ್ನು ಮೂರು ತಿಂಗಳಿಗೊಮ್ಮೆ ಬಿಚ್ಚು ಎಂದು ಕೇಳದಿದ್ದದ್ದನ್ನೂ ಹೇಳಿದ. ಇಷ್ಟು ದಿನ ಹೇಳದೆ ಬಿಟ್ಟದ್ದೆಲ್ಲ ಒಂದೇ ಮಧ್ಯಾಹ್ನ ಅವನ ಬಾಯಿಂದ ಬಂತು. ಹುಡುಗ ಹೂಂಗುಟ್ಟುತ್ತಾ ಹಾಗೇ ಮಾಡಿದ. ಗಾಡಿಯನ್ನು ಒಂದು ಸುತ್ತು ಓಡಿಸಿ ತಂದಾಗ ತಾಯಣ್ಣ ನಾಲ್ಕೂ ಗಾಲಿಗೆ ಕೈ ಹಿಡಿದು ನೋಡಿದ. ಎಲ್ಲವೂ ಸರಿಯಿತ್ತು.

"ಯಪ್ಪಾ, ನಾ ಇದ್ರಾಗ ಕೂಡ್ಲೇನು?" ಎಂದು ಸವಿತಾ ಕೇಳಿದಳು.

ಹುಲಗಪ್ಪ ಕಿರಣಕುಮಾರನ ಕಡೆ ತಿರುಗಿದ. "ಬ್ರೇಕ್ ಹೆಂಗದಪ? ಹುಡುಗಿನ್ನ ಕೂಡಸ್ಲೇನು?"

"ತಾಯಣ್ಣ ಕಾಕಾನ್ನ ಕೇಳ್ರಿ" ಎಂದ ಕಿರಣಕುಮಾರ. "ನನಗಿಂತ ಅವ್ರಿಗೆ ಗೊತ್ತಾಗ್ತದ."

"ಗೊತ್ತಾಗ್ತದಪ್ಪ, ಅವಗ ಎಲ್ಲಾ ಗೊತ್ತಾಗ್ತದ" ಎಂದ ಹುಲಗಪ್ಪ. "ಹೇಳ್ತಾನಂತ ಏನ್ ಖಾತ್ರಿ?"

ಬ್ರೇಕ್ ಬರೋಬ್ಬರಿ ಅದ ಎಂದು ತಾಯಣ್ಣ ಎರಡು ಸಲ ಹೇಳಿದ. ಹುಲಗಪ್ಪ ಮಗಳನ್ನು ಆಟೋ ಹತ್ತಿಸಿ ಮನೆಗೆ ಕಳಿಸಿ, ಪಿಕಪ್ಪಿಗೆ ತಾನೊಬ್ಬನೇ ಹತ್ತಿದ.